ಕಣ್ಣಿಗೆ ಏಟಾಗಿದೆ ಅಂದ್ರೆ ಯಾವ ಏಟು?

ಭಾಗ 1

ಮೊದಲ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಕಲ್ಲು ಒಡೆಯೋ ಉಳಿ ಅದು. ಸುತ್ತಿಗೆ ಏಟು ತಿಂದು ತಿಂದು ಅದರ ತಲೆ ಅಣಬೆ ಥರ ಅರಳಿಕೊಂಡಿದೆ, ಅಂಚೆಲ್ಲ ಬಿರುಕು ಬಿಟ್ಟಿದೆ. ಮುಂದಿನ ಏಟಿಗೆ ಆ ಅಂಚಿನ ಒಂದು ಚೂರು ಹಾರಬಹುದು. ಅಕ್ಕಿಕಾಳಿನ ಕಾಲುಭಾಗದಷ್ಟಿದ್ದರೂ ಸಾಕು, ಕಣ್ಣಿನ ಗೋಡೆ ಸೀಳಿಕೊಂಡು ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಎಷ್ಟೋ ಸಲ ದೊಡ್ಡ ನೋವೂ ಇರೋಲ್ಲ. ಚುರ್ ಅಂತು, ನೀರು ಬಂತು, ಕೆಲಸ ಮುಂದುವರೀತು, ಅಷ್ಟೇ.

ಸಂಜೆ ಮನೆಯಲ್ಲಿ "ಕಣ್ಣಿಗೆ ಏನೋ ಕಸ ಬಿದ್ದಂಗಿದೆ" ಅಂತಾರೆ. ಸೆರಗಿನ ತುದಿ ಸುತ್ತಿ, ಬಾಯಿಂದ ಊದಿ ಬೆಚ್ಚಗೆ ಮಾಡಿ, ಕಣ್ಣಿನ ಮೇಲೆ ಒತ್ತುತ್ತಾರೆ. ನಮ್ಮ ಕಡೆ ಯಾವ ಮನೆಯಲ್ಲಿ ಇದು ನಡೆದಿಲ್ಲ ಹೇಳಿ? ನಿಜವಾಗಲೂ ಬರೀ ಧೂಳಾಗಿದ್ರೆ ಒತ್ತಿದ್ದರಿಂದ ಕೆಡೋದು ಕಮ್ಮಿ. ಗೋಡೆ ತೂತಾಗಿದ್ರೆ ಮಾತ್ರ ಆ ಪ್ರೀತಿಯ ಒತ್ತಡವೇ ಒಳಗಿನದನ್ನ ಹೊರಗೆ ತಳ್ಳಬಹುದು.

ಕ್ರಿಕೆಟ್ ಬಾಲ್ ಬಡಿದ್ರೂ "ಕಣ್ಣಿಗೆ ಏಟಾಯ್ತು", ಚಿನ್ನಿದಾಂಡಿನ ಚಿನ್ನಿ ಹಾರಿ ಬಡಿದ್ರೂ ಅದೇ ಮಾತು, ಹಸು ಕೊಂಬು ಆಡಿಸಿದ್ರೂ ಅದೇ, ತಂತಿ ಚುಚ್ಚಿದ್ರೂ ಅದೇ. ಇದು ಹಳ್ಳಿಯವರ ಮಾತಿನ ದೋಷ ಅಂದ್ಕೋಬೇಡಿ. ದೊಡ್ಡ ದೊಡ್ಡ ಡಾಕ್ಟರುಗಳೂ ಮೂವತ್ತು ವರ್ಷದ ಹಿಂದಿನವರೆಗೆ ಹೆಚ್ಚುಕಮ್ಮಿ ಇದೇ ಗೊಂದಲದಲ್ಲಿದ್ದರು, ಅವರ ಗೊಂದಲ ಲ್ಯಾಟಿನ್ ಮೂಲದ ಪದಗಳಲ್ಲಿತ್ತು ಅಷ್ಟೇ. ಆ ಗೊಂದಲ ಹೇಗೆ ಹುಟ್ಟಿತು, ಯಾರು ಬಿಡಿಸಿದರು, ಇನ್ನೂ ಎಲ್ಲಿ ಉಳಿದಿದೆ ಅನ್ನೋದೇ ಈ ಸರಣಿ. ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಭಾಗ 2

ಕುಂಸಿ ಅಂದ್ರೆ ಹೊರಗಿನವರಿಗೆ ತಾಳಗುಪ್ಪದ ರೈಲು ಹಾದುಹೋಗೋ ಒಂದು ಸ್ಟೇಷನ್, ಅಥವಾ ಸಾಗರದ ರೋಡಲ್ಲಿ ಆಯನೂರು ಆದಮೇಲೆ ಬರೋ ಊರು. ಈ ಕಡೆಯ ಗುಡ್ಡಗಳಲ್ಲಿ ಒಂದು ಕಾಲದಲ್ಲಿ ಮ್ಯಾಂಗನೀಸ್ ಅದಿರು ಅಗೆದು ತೆಗೀತಿದ್ರು ಅಂತ ನಮ್ಮ ಕ್ಲಾಸಿನವರಲ್ಲೇ ಎಷ್ಟು ಜನಕ್ಕೆ ಗೊತ್ತು? ಉಕ್ಕು ತಯಾರಿಸೋಕೆ ಮ್ಯಾಂಗನೀಸ್ ಬೇಕೇ ಬೇಕು. ಉಕ್ಕು ಅಂದ ತಕ್ಷಣ ಶಿವಮೊಗ್ಗದ ಆ ಕಡೆ ಇರೋ ಭದ್ರಾವತಿ ನೆನಪಾಗಬೇಕು.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕಾರ್ಖಾನೆ ಬಂದಮೇಲೆ ಇಟ್ಟ ಹೆಸರಲ್ಲ ಅದು, ಮೊದಲೇ ಇತ್ತು. ಆದರೂ ಇಷ್ಟು ಸರಿಯಾಗಿ ಹೊಂದೋ ಹೆಸರು ಇನ್ನೊಂದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯೋಕೆ ಶುರುವಾಗಿದ್ದು 1923ರ ಜನವರಿಯಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ನಮ್ಮ ಮಲೆನಾಡಿನ ಕಾಡಿನದು.

ಅದೇ 1923ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. ಮೈಸೂರು ಬೇರೆ ಸಂಸ್ಥಾನ, ಹಾಗಾಗಿ ಆ ಕಾಯ್ದೆ ಆಗ ಭದ್ರಾವತಿಗೆ ನೇರ ಅನ್ವಯ ಆಗ್ತಿರಲಿಲ್ಲ. ಆದರೆ ಒಂದೇ ವರ್ಷ ಎರಡೂ ಬಂದದ್ದು ನನಗೆ ಕುತೂಹಲ. ಒಂದು ಕಡೆ ಕಬ್ಬಿಣದ ಕಿಡಿ, ಇನ್ನೊಂದು ಕಡೆ ಆ ಕಿಡಿಯಿಂದ ಕಣ್ಣು ಹೋದ್ರೆ ಎಷ್ಟು ಕೊಡಬೇಕು ಅನ್ನೋ ಲೆಕ್ಕ. 2025ರವರೆಗೆ ಇಡೀ ದೇಶಕ್ಕೆ ಅನ್ವಯಿಸ್ತಿದ್ದ ಆ ಕಾಯ್ದೆಯ ಪಟ್ಟಿ ಹೀಗಿತ್ತು: ಇನ್ನೊಂದು ಕಣ್ಣು ಸರಿ ಇದ್ದು, ಒಂದು ಕಣ್ಣೇ ಹೋದ್ರೆ ದುಡಿಯೋ ಶಕ್ತಿಯಲ್ಲಿ ನೂರಕ್ಕೆ 40 ನಷ್ಟ. ಗುಡ್ಡೆ ನೋಡೋಕೆ ಚೆನ್ನಾಗೇ ಇದ್ದು ಬರೀ ದೃಷ್ಟಿ ಹೋದ್ರೆ 30. ಮಧ್ಯದ ಈ ಹತ್ತರ ವ್ಯತ್ಯಾಸವನ್ನ ನೆನಪಲ್ಲಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಸ್ವಾತಂತ್ರ್ಯ ಬಂದಮೇಲೆ 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ಕಣ್ಣಿಗೋಸ್ಕರವೇ ಬಂತು. ಕೆಲಸದಲ್ಲಿ ಚೂರು ಹಾರೋ ಹಾಗಿದ್ರೆ ಪರದೆ ಅಥವಾ ಸರಿಯಾದ ಕನ್ನಡಕ ಮಾಲೀಕರು ಒದಗಿಸಬೇಕು ಅಂತ ಅದು ಹೇಳ್ತಿತ್ತು. ಕಾರ್ಖಾನೆಗೆ ಸರಿ. ಆದರೆ ರೋಡ್ ಬದಿಯ ವೆಲ್ಡಿಂಗ್ ಶಾಪು? ಅಡಿಕೆ ತೋಟದಲ್ಲಿ ಕಳೆ ಕೊಚ್ಚೋ ಮಷಿನ್ ಹಿಡಿದು ನಿಂತ ಹುಡುಗ? ಆ ಮಷಿನ್ನಿನ ಬ್ಲೇಡು ಹುಲ್ಲಿನ ಜೊತೆ ಸಣ್ಣ ಕಲ್ಲು, ತಂತಿ ಚೂರು ಎಲ್ಲವನ್ನೂ ಎಗರಿಸುತ್ತೆ. ಭದ್ರಾವತಿಯ ಕುಲುಮೆ ತಣ್ಣಗಾದ್ರೂ ಚೂರು ಹಾರೋದು ನಿಂತಿಲ್ಲ. ತೋಟಕ್ಕೆ ಬಂದಿದೆ.

ಭಾಗ 3

ಕಬ್ಬಿಣದ ಚೂರು ಒಳಗೆ ಹೋಯ್ತು. ತೆಗೆಯೋದು ಹೇಗೆ?

ಅಯಸ್ಕಾಂತಕ್ಕೆ ಕನ್ನಡದಲ್ಲಿ ಚೆಂದದ ಹೆಸರಿದೆ: ಸೂಜಿಗಲ್ಲು. ಸುಶ್ರುತ ಸಂಹಿತೆಯಲ್ಲಿ ದೇಹದೊಳಗೆ ಸಿಕ್ಕಿಕೊಂಡ ವಸ್ತುವಿಗೆ ಶಲ್ಯ ಅಂತ ಹೆಸರು, ಅದನ್ನ ಹೊರತೆಗೆಯೋ ಉಪಾಯಗಳ ಪಟ್ಟಿಯಲ್ಲಿ ಅಯಸ್ಕಾಂತವೂ ಇದೆ. ಯೂರೋಪಿನ ಕಥೆ ಇನ್ನೂ ಸ್ವಾರಸ್ಯ. ಹದಿನೇಳನೇ ಶತಮಾನದಲ್ಲಿ ಫ್ಯಾಬ್ರಿಷಿಯಸ್ ಹಿಲ್ಡಾನಸ್ ಅನ್ನೋ ಪ್ರಸಿದ್ಧ ಸರ್ಜನ್ ಒಬ್ಬ ರೋಗಿಯ ಕಣ್ಣಿಂದ ಕಬ್ಬಿಣದ ಚೂರು ತೆಗೆಯೋಕಾಗದೆ ಒದ್ದಾಡ್ತಿದ್ದ. ಅವನ ಹೆಂಡತಿ ಮರೀ ಕೊಲಿನೆ ಸೂಜಿಗಲ್ಲು ಹಿಡಿದು ಎಳೆಯೋ ಉಪಾಯ ಹೇಳಿದಳು, ಚೂರು ಬಂತು. ಒಳ್ಳೇ ವಿಷಯ ಏನಂದ್ರೆ ಇದು ಹೆಂಡತಿಯ ಉಪಾಯ ಅಂತ ಅವನೇ ಬರೆದಿಟ್ಟ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

1879ರಲ್ಲಿ ಬರ್ಲಿನ್ನಿನ ಹಿರ್ಷ್‌ಬರ್ಗ್ ಕರೆಂಟಿನ ಅಯಸ್ಕಾಂತ ಬಳಸಿ ಕಣ್ಣೊಳಗಿನ ಚೂರು ತೆಗೆದ. 1892ರಲ್ಲಿ ಝೂರಿಕ್‌ನ ಹಾಬ್ ದೈತ್ಯ ಅಯಸ್ಕಾಂತವನ್ನೇ ಬಳಕೆಗೆ ತಂದ. 1895ರಲ್ಲಿ ಎಕ್ಸ್-ರೇ ಬಂತು, ಚೂರು ಎಲ್ಲಿದೆ ಅಂತ ಕಾಣೋ ಹಾಗಾಯ್ತು. ಚೂರನ್ನ ಒಳಗೇ ಬಿಟ್ರೆ ಏನಾಗುತ್ತೆ ಅಂತ ಕೇಳಿದ್ರೆ, ತುಕ್ಕು ಹಿಡಿಯುತ್ತೆ. ಕರಗಿದ ಕಬ್ಬಿಣ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಧಾನಕ್ಕೆ ರೆಟಿನಾವನ್ನ ತಿನ್ನುತ್ತೆ. ಎಂ.ಆರ್.ಐ. ಸ್ಕ್ಯಾನ್ ಮುಂಚೆ "ಕಣ್ಣಿಗೆ ಯಾವತ್ತಾದ್ರೂ ಲೋಹದ ಚೂರು ಬಿದ್ದಿತ್ತಾ?" ಅಂತ ಕೇಳ್ತಾರಲ್ಲ, ಅದು ಸುಮ್ಮನೆ ಅಲ್ಲ. ಆ ಮಷಿನ್ನೂ ಒಂದು ಭಾರೀ ಸೂಜಿಗಲ್ಲೇ. ಮರೆತುಹೋದ ಚೂರನ್ನ ಅದು ಮರೆಯೋಲ್ಲ, ಕಣ್ಣೊಳಗೇ ಅಲುಗಾಡಿಸಿಬಿಡುತ್ತೆ.

ಸುಶ್ರುತನ ವಿಷಯಕ್ಕೆ ಮತ್ತೆ ಬರ್ತೀನಿ, ಯಾಕಂದ್ರೆ ಈ ಸರಣಿಯ ನಿಜವಾದ ವಿಷಯ ಅಲ್ಲಿದೆ. ಉತ್ತರತಂತ್ರದಲ್ಲಿ ಕಣ್ಣಿನ ಪೆಟ್ಟಿಗೇ ಒಂದು ಅಧ್ಯಾಯ ಇದೆ. ಅಲ್ಲಿ ಕಣ್ಣಿನ ಪದರಗಳನ್ನ, ಅಂದ್ರೆ ಪಟಲಗಳನ್ನ, ಎಣಿಸ್ತಾರೆ. ಒಂದು ಪಟಲಕ್ಕೆ ಗಾಯ ಆಗಿದ್ರೆ ವಾಸಿ ಮಾಡಬಹುದು, ಎರಡಾದ್ರೆ ಕಷ್ಟ, ಮೂರಾದ್ರೆ ಕೈಬಿಡಬೇಕು ಅನ್ನೋದು ಅಲ್ಲಿನ ನಿರ್ಣಯ. ಅವರ ಪಟಲವೂ ಇವತ್ತಿನ ಅನಾಟಮಿಯೂ ಒಂದೇ ಅಂತ ವಾಟ್ಸಾಪ್ ಯೂನಿವರ್ಸಿಟಿ ಥರ ಹೇಳೋಕೆ ನಾನು ತಯಾರಿಲ್ಲ. ಆದರೆ ಕೇಳಿದ ಪ್ರಶ್ನೆ ಗಮನಿಸಿ. ಏನು ಬಡಿಯಿತು, ಎಷ್ಟು ರಕ್ತ ಬಂತು ಅಂತ ಕೇಳಿಲ್ಲ. ಎಷ್ಟು ಆಳ ಹೋಯ್ತು, ಅದರಿಂದ ಮುಂದೆ ಏನಾಗುತ್ತೆ ಅಂತ ಕೇಳಿದ್ದಾರೆ. ಗಾಯವನ್ನ ವಿಂಗಡಿಸೋದು ಅಂದ್ರೆ ಮುಂದಾಗೋದನ್ನ ಹೇಳೋದು. ಇದೇ ಜಾಗಕ್ಕೆ ಆಧುನಿಕ ವೈದ್ಯರು ಬಂದದ್ದು ಇಪ್ಪತ್ತನೇ ಶತಮಾನದ ಕೊನೆಗೆ.

ಭಾಗ 4

ಸಣ್ಣ ಭಾಗ, ಆದರೆ ಬಿಡೋ ಹಾಗಿಲ್ಲ.

ಫ್ರಾನ್ಸಿನ ಒಂದು ಹಳ್ಳಿ. ಅಪ್ಪ ಕುದುರೆ ಜೀನು, ಚರ್ಮದ ಪಟ್ಟಿ ಹೊಲಿಯೋ ಕೆಲಸದವನು. ಮೂರು ವರ್ಷದ ಮಗು ಅಪ್ಪನ ದಬ್ಬಳ ತಗೊಂಡು ಚರ್ಮಕ್ಕೆ ಚುಚ್ಚೋಕೆ ಹೋಗಿ, ಅದು ಜಾರಿ ಕಣ್ಣಿಗೆ ಚುಚ್ಕೊಂಡ್ತು. ಒಂದು ಕಣ್ಣು ಹೋಯ್ತು. ಐದು ವರ್ಷ ಆಗೋ ಹೊತ್ತಿಗೆ ಏಟೇ ಬೀಳದ ಇನ್ನೊಂದು ಕಣ್ಣೂ ಹೋಯ್ತು. 1809ರಲ್ಲಿ ಹುಟ್ಟಿದ ಆ ಮಗುವಿನ ಹೆಸರು ಲೂಯಿ ಬ್ರೈಲ್. ಹೌದು, ಬ್ರೈಲ್ ಲಿಪಿಯ ಬ್ರೈಲ್.

ಒಂದು ಕಣ್ಣು ತೂತಾದ್ರೆ ವಾರಗಳೋ ತಿಂಗಳುಗಳೋ ಆದಮೇಲೆ ಚೆನ್ನಾಗಿರೋ ಕಣ್ಣೂ ಉರಿ ಹತ್ತಿ ಹೋಗಬಹುದು ಅನ್ನೋದು ಡಾಕ್ಟರುಗಳಿಗೆ ಗೊತ್ತಿತ್ತು. 1840ರಲ್ಲಿ ಸ್ಕಾಟ್ಲೆಂಡಿನ ಮೆಕೆಂಜಿ ಅದನ್ನ ವಿವರವಾಗಿ ಬರೆದ. ದೇಹದ ರೋಗನಿರೋಧಕ ಶಕ್ತಿ ಗಾಯದಿಂದ ಹೊರಬಂದ ಕಣ್ಣಿನ ಅಂಶವನ್ನ ಪರಕೀಯ ಅಂತ ತಿಳಿದು ಎರಡೂ ಕಣ್ಣಿನ ಮೇಲೆ ಬೀಳುತ್ತೆ. ತುಂಬ ಅಪರೂಪ, ಆದರೆ ಆ ಹೆದರಿಕೆಯಲ್ಲಿ ಎಷ್ಟೋ ಕಾಲ ಗಾಯದ ಕಣ್ಣನ್ನ ಬೇಗ ತೆಗೆದುಬಿಡೋ ರೂಢಿ ಇತ್ತು. ಬ್ರೈಲ್‌ಗೆ ಆಗಿದ್ದು ಇದೇನಾ, ಅಥವಾ ಸೋಂಕು ದಾಟಿತಾ ಅಂತ ಇವತ್ತಿಗೂ ಚರ್ಚೆ ಮಾಡ್ತಾರೆ.

ಈಗ ಯೋಚಿಸಿ. ಗೋಡೆ ತೂತಾದ ಕಣ್ಣಿಗೆ ಈ ಅಪಾಯ ಇದೆ. ತೂತಾಗದ ಕಣ್ಣಿಗೆ ಹೆಚ್ಚುಕಮ್ಮಿ ಇಲ್ಲ. ಹಾಗಾದ್ರೆ ತೂತಾಗಿದೆಯೋ ಇಲ್ಲವೋ ಅಂತ ಖಚಿತವಾಗಿ ಬರೆಯೋಕೆ ಒಂದು ಪದ ಬೇಕಲ್ವಾ?

ಭಾಗ 5

ಪದ ಇತ್ತು. ಒಂದಲ್ಲ, ಎರಡು. ಅಲ್ಲೇ ಯಡವಟ್ಟಾಗಿದ್ದು.

ಪೆನೆಟ್ರೇಟಿಂಗ್ ಮತ್ತು ಪರ್ಫೊರೇಟಿಂಗ್. ಒಂದು ಅಂದ್ರೆ ಒಳಗೆ ಹೊಕ್ಕಿದ್ದು, ಇನ್ನೊಂದು ಅಂದ್ರೆ ದಾಟಿ ಹೋಗಿದ್ದು. ಇಷ್ಟು ಸುಲಭ ಇದ್ರೆ ಜಗಳ ಯಾಕೆ? ಒಂದು ಕಥೆ ಹೇಳ್ತೀನಿ.

ಮನೆಗೆ ಕಳ್ಳ ನುಗ್ಗಿದ. ಮುಂಬಾಗಿಲು ಒಡೆದು ಒಳಗೆ ಬಂದು ನಡುಮನೆಯಲ್ಲಿ ನಿಂತಿದ್ದಾನೆ. ಬಾಗಿಲನ್ನ ಕೇಳಿ: "ನನ್ನನ್ನ ದಾಟಿ ಹೋದ." ಮನೆಯನ್ನ ಕೇಳಿ: "ನನ್ನೊಳಗೆ ಬಂದ, ಇನ್ನೂ ಇಲ್ಲೇ ಇದ್ದಾನೆ." ಇಬ್ಬರೂ ನಿಜವನ್ನೇ ಹೇಳ್ತಿದ್ದಾರೆ. ಈಗ ಇನ್ನೊಬ್ಬ ಕಳ್ಳ ಮುಂಬಾಗಿಲಿಂದ ಬಂದು ಹಿತ್ತಲ ಬಾಗಿಲೂ ಒಡೆದುಕೊಂಡು ಹೋದ. ಇವನ ಬಗ್ಗೆ ಮಾತ್ರ ಮನೆ "ನನ್ನನ್ನ ದಾಟಿ ಹೋದ" ಅನ್ನುತ್ತೆ.

ಕಣ್ಣಿನ ಮುಂಬಾಗಿಲು ಕಾರ್ನಿಯಾ, ಕರಿಗುಡ್ಡೆಯ ಮೇಲೆ ವಾಚಿನ ಗಾಜಿನ ಹಾಗೆ ಕೂತಿರೋ ಪಾರದರ್ಶಕ ಪದರ. ಚೂರು ಅದನ್ನ ಪೂರ್ತಿ ಸೀಳಿ ಒಳಗೆ ಹೋದ್ರೆ, ಕಾರ್ನಿಯಾದ ಲೆಕ್ಕದಲ್ಲಿ ಬರೆಯೋ ಡಾಕ್ಟರ್ ಪರ್ಫೊರೇಟಿಂಗ್ ಅಂತ ಬರೀತಿದ್ರು, ಇಡೀ ಕಣ್ಣಿನ ಲೆಕ್ಕದಲ್ಲಿ ಬರೆಯೋರು ಪೆನೆಟ್ರೇಟಿಂಗ್ ಅಂತ. ಗಾಯ ಒಂದೇ. ಇನ್ನೊಂದು ಆಸ್ಪತ್ರೆಯಲ್ಲಿ ಪರ್ಫೊರೇಟಿಂಗ್ ಅಂದ್ರೆ ಚೂರು ಕಣ್ಣಿನ ಹಿಂದಿನ ಗೋಡೆಯನ್ನೂ ಒಡೆದು ಆಚೆ ಹೋಗಿದೆ ಅಂತ ಅರ್ಥ. ಅದು ಎಷ್ಟೋ ಪಟ್ಟು ಕೆಟ್ಟ ಗಾಯ. ಹಿಂದಿನ ತೂತಿಗೆ ಹೊಲಿಗೆ ಹಾಕೋಕೆ ಕೈಯೇ ಎಟುಕೋಲ್ಲ ಎಷ್ಟೋ ಸಲ.

ಇದರಿಂದ ಏನು ನಷ್ಟ ಅಂತೀರಾ? ಒಂದು ಆಸ್ಪತ್ರೆಯವರು "ಪರ್ಫೊರೇಟಿಂಗ್ ಗಾಯದಲ್ಲಿ ನಮ್ಮ ಆಪರೇಷನ್ನಿಂದ ಇಷ್ಟು ಜನಕ್ಕೆ ದೃಷ್ಟಿ ಬಂತು" ಅಂತ ಪೇಪರ್ ಬರೆದ್ರೆ, ಓದೋರಿಗೆ ಯಾವ ಗಾಯ ಅಂತಲೇ ಗೊತ್ತಾಗ್ತಿರಲಿಲ್ಲ. 1970ರ ದಶಕದಲ್ಲಿ ಮ್ಯಾಕ್‌ಮರ್ ಶುರು ಮಾಡಿದ ವಿಟ್ರೆಕ್ಟಮಿ, ಅಂದ್ರೆ ಕಣ್ಣೊಳಗಿನ ಲೋಳೆ ತೆಗೆದು ರಿಪೇರಿ ಮಾಡೋ ಆಪರೇಷನ್, ಹೊಸ ಆಸೆ ಹುಟ್ಟಿಸಿತ್ತು. ಯಾವ ಗಾಯಕ್ಕೆ ಅದು ಕೆಲಸ ಮಾಡುತ್ತೆ, ಯಾವುದಕ್ಕೆ ಇಲ್ಲ ಅಂತ ಹೋಲಿಸಬೇಕಾದ ಸಮಯದಲ್ಲೇ ಪದಗಳು ಕೈಕೊಟ್ಟವು. ಅತ್ತ ಫೋನಿನಲ್ಲಿ ರೋಗಿಯನ್ನ ಕಳಿಸೋ ಡಾಕ್ಟರ್ ಒಂದು ಹೇಳ್ತಾರೆ, ಇತ್ತ ಕೇಳೋ ಡಾಕ್ಟರ್ ಇನ್ನೊಂದಕ್ಕೆ ತಯಾರಾಗಿರ್ತಾರೆ.

ಭಾಗ 6

ಇದನ್ನ ಬಿಡಿಸಿದ ಊರಿನ ಹೆಸರು ಬರ್ಮಿಂಗ್‌ಹ್ಯಾಮ್. ಇಂಗ್ಲೆಂಡಿನದ್ದಲ್ಲ, ಅಮೆರಿಕದ ಅಲಬಾಮಾ ರಾಜ್ಯದ್ದು. 1871ರಲ್ಲಿ ಕಬ್ಬಿಣಕ್ಕಾಗಿಯೇ ಕಟ್ಟಿದ ಊರು. ಅಲ್ಲಿನ ಗುಡ್ಡದ ಮೇಲೆ ಕಮ್ಮಾರರ ದೇವರು ವಲ್ಕನ್‌ನ ಎರಕದ ಕಬ್ಬಿಣದ ದೊಡ್ಡ ಮೂರ್ತಿ ನಿಂತಿದೆ. ಅಂದ್ರೆ ಅದು ಅಮೆರಿಕದ ಭದ್ರಾವತಿ. (ಭದ್ರಾವತಿಯವರು ಬೇಕಾದ್ರೆ ಅದನ್ನ ತಿರುಗಿಸಿ ಹೇಳ್ಕೊಳ್ಳಿ.)

ಅಲ್ಲಿ ಕೆಲಸ ಮಾಡ್ತಿದ್ದ ಹಂಗೇರಿ ಮೂಲದ ಕಣ್ಣಿನ ಸರ್ಜನ್ ಫೆರೆಂಕ್ ಕೂನ್ ಮತ್ತು ಜೊತೆಗಾರರು 1996ರಲ್ಲಿ ಬರ್ಮಿಂಗ್‌ಹ್ಯಾಮ್ ಪದಪಟ್ಟಿ ಪ್ರಕಟಿಸಿದರು. ಚಿಕ್ಕದಾಗಿ ಬೆಟ್ ಅಂತಾರೆ. ಅವರು ಮಾಡಿದ ಮುಖ್ಯ ಕೆಲಸ ಒಂದೇ: ಇನ್ಮೇಲೆ ಬಾಗಿಲನ್ನ ಕೇಳೋದು ಬೇಡ, ಮನೆಯನ್ನೇ ಕೇಳೋಣ ಅಂದ್ರು. ಎಲ್ಲ ಪದವೂ ಇಡೀ ಕಣ್ಣುಗುಡ್ಡೆಯ ಲೆಕ್ಕದಲ್ಲಿ.

ಮೊದಲ ಪ್ರಶ್ನೆ: ಕಣ್ಣಿನ ಗೋಡೆ ಪೂರ್ತಿ ದಪ್ಪಕ್ಕೆ ಹರಿದಿದೆಯಾ? ಗೋಡೆ ಅಂದ್ರೆ ಕಾರ್ನಿಯಾ ಮತ್ತು ಬಿಳಿಗುಡ್ಡೆ, ಅಷ್ಟೇ. ಹರಿದಿಲ್ಲ ಅಂದ್ರೆ ಕ್ಲೋಸ್ಡ್ ಗ್ಲೋಬ್. ಹರಿದಿದ್ರೆ ಓಪನ್ ಗ್ಲೋಬ್.

ಹರಿಯದ ಕಣ್ಣಿಗೂ ಪೆಟ್ಟು ಕಮ್ಮಿ ಇರಬೇಕು ಅಂತಿಲ್ಲ. ಬಾಲ್ ಬಡಿದಾಗ ಗೋಡೆ ಗಟ್ಟಿಯಾಗಿ ನಿಂತು ಒಳಗೆಲ್ಲ ಅಲ್ಲೋಲಕಲ್ಲೋಲ ಆಗಬಹುದು, ಅದು ಕಂಟ್ಯೂಷನ್. ಗೋಡೆ ಅರ್ಧ ದಪ್ಪ ಮಾತ್ರ ಸೀಳಿದ್ರೆ ಲ್ಯಾಮೆಲ್ಲರ್ ಲ್ಯಾಸರೇಷನ್.

ಹರಿದ ಕಣ್ಣಿಗೆ ಎರಡನೇ ಪ್ರಶ್ನೆ: ಹೊರಗಿಂದ ಒಳಗೆ ಸೀಳಿತಾ, ಒಳಗಿಂದ ಹೊರಗೆ ಒಡೀತಾ? ನನಗೆ ಇಡೀ ಪದ್ಧತಿಯಲ್ಲಿ ತುಂಬ ಇಷ್ಟವಾದ ಪ್ರಶ್ನೆ ಇದು. ಕಣ್ಣಿನ ಒಳಗೆ ನೀರಿನಂಥ ದ್ರವ, ಲೋಳೆ ತುಂಬಿದೆ. ನೀರು ಅಮುಕಿದ್ರೆ ಕುಗ್ಗೋಲ್ಲ. ಮೊಂಡಾದ ದೊಡ್ಡ ವಸ್ತು, ಕೊಂಬೋ ಕಟ್ಟಿಗೆಯೋ, ಜೋರಾಗಿ ಬಡಿದ್ರೆ ಒಳಗಿನ ಒತ್ತಡ ಏರಿ ಗೋಡೆ ಎಲ್ಲಿ ತೆಳುವೋ ಅಲ್ಲಿ ಒಡೆಯುತ್ತೆ. ಪೊರೆ ಆಪರೇಷನ್ ಆದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರೆ ಹಳೇ ಗಾಯದ ಜಾಗವೇ ಬಿಟ್ಟುಕೊಳ್ಳಬಹುದು. ಏಟು ಬಿದ್ದದ್ದು ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ. ಇದು ರಪ್ಚರ್. ಒಡೆಯೋವಾಗ ಒಳಗಿನದ್ದೂ ಆಚೆ ಚಿಮ್ಮೋದರಿಂದ ಇದೇ ಹೆಚ್ಚು ಕೆಟ್ಟದ್ದು.

ಚೂಪಾದ ವಸ್ತು ಹೊರಗಿಂದ ಸೀಳಿದ್ರೆ ಲ್ಯಾಸರೇಷನ್. ಅದರಲ್ಲಿ ಮತ್ತೆ ಮೂರು. ಒಳಗೆ ಹೋದ ತೂತು ಮಾತ್ರ ಇದ್ರೆ ಪೆನೆಟ್ರೇಟಿಂಗ್, ಬ್ರೈಲ್‌ನ ದಬ್ಬಳದ ಹಾಗೆ. ಚೂರು ಒಳಗೇ ಉಳಿದಿದ್ರೆ ಅದಕ್ಕೆ ಪ್ರತ್ಯೇಕ ಹೆಸರು, ಇಂಟ್ರಾಆಕ್ಯುಲರ್ ಫಾರಿನ್ ಬಾಡಿ. ನಮ್ಮ ಉಳಿಯ ಚೂರು ಇದು, ಸುಶ್ರುತನ ಶಲ್ಯ. ಅದೇ ವಸ್ತು ಒಳಗೆ ಹೋಗಿ ಹಿಂದಿಂದ ಆಚೆಯೂ ಬಂದಿದ್ರೆ ಮಾತ್ರ ಪರ್ಫೊರೇಟಿಂಗ್. ಹಿತ್ತಲ ಬಾಗಿಲ ಕಳ್ಳ.

ಏರ್‌ಗನ್ ಗುಂಡು ಬಡಿದ್ರೆ? ಅದು ಮೊಂಡು, ಒಡೆಯುತ್ತೆ, ಆದರೂ ಒಳಗೆ ಹೋಗಿ ಕೂರುತ್ತೆ. ಎರಡು ಗುಂಪಿನ ಮಧ್ಯೆ ಸಿಕ್ಕಿಕೊಂಡ ಇಂಥವಕ್ಕೆ ಮಿಶ್ರ ಅನ್ನೋ ಖಾನೆ ಇಟ್ಟರು.

ಭಾಗ 7

ಹೆಸರು ಸಿಕ್ಕಿತು. ಆದರೆ ಒಂದೇ ಹೆಸರಿನ ಎರಡು ಗಾಯವೂ ಒಂದೇ ಥರ ಇರೋಲ್ಲವಲ್ಲ. 1997ರಲ್ಲಿ ಪಿಯೆರಾಮಿಚಿ ಮತ್ತು ಇತರ ತಜ್ಞರ ಗುಂಪು ಬೆಟ್ ಮೇಲೆ ಇನ್ನೂ ಮೂರು ವಿವರ ಸೇರಿಸಿತು. ಬಂದ ತಕ್ಷಣ ಎಷ್ಟು ಕಾಣುತ್ತೆ? ಪಾಪೆ ಹೇಗೆ ವರ್ತಿಸುತ್ತೆ? ಗಾಯ ಯಾವ ವಲಯದಲ್ಲಿದೆ?

ಪಾಪೆಯ ಪರೀಕ್ಷೆಗೆ ಬೇಕಾಗಿರೋದು ಒಂದು ಟಾರ್ಚು. ಒಂದು ಕಣ್ಣಿಂದ ಇನ್ನೊಂದಕ್ಕೆ ಬೆಳಕು ಆಡಿಸಿ. ಬೆಳಕು ಬಿದ್ದ ಪಾಪೆ ಕಿರಿದಾಗಬೇಕು. ಅದರ ಬದಲು ಅಗಲ ಆದ್ರೆ ಆ ಕಣ್ಣಿನ ರೆಟಿನಾ ಅಥವಾ ನರಕ್ಕೇ ಪೆಟ್ಟಾಗಿದೆ ಅಂತ. ಇದಕ್ಕೆ ಆರ್‌ಎಪಿಡಿ ಅಂತ ಹೆಸರು. ಲಕ್ಷಗಟ್ಟಲೆಯ ಮಷಿನ್ ಇಲ್ಲದ ಊರಿನ ಆಸ್ಪತ್ರೆಯಲ್ಲೂ ಆಗೋ ಪರೀಕ್ಷೆ. ವಲಯವೂ ಅಷ್ಟೇ ಸರಳ. ಹರಿದ ಕಣ್ಣಲ್ಲಿ ಗಾಯ ಕಾರ್ನಿಯಾ ಮತ್ತು ಅದರ ಅಂಚಿನಷ್ಟಕ್ಕೇ ನಿಂತಿದ್ರೆ ಜೋನ್ 1. ಅಂಚಿಂದ ಹಿಂದಕ್ಕೆ 5 ಮಿ.ಮೀ. ಒಳಗಿನ ಬಿಳಿಗುಡ್ಡೆಯಲ್ಲಿದ್ರೆ ಜೋನ್ 2. ಅದಕ್ಕಿಂತ ಹಿಂದಕ್ಕೆ ಹೋಗಿದ್ರೆ ಜೋನ್ 3, ಅಲ್ಲಿಂದ ಒಳಗೆ ರೆಟಿನಾ ಇದೆ.

2002ರಲ್ಲಿ ಕೂನ್ ತಂಡ ಅಮೆರಿಕ ಮತ್ತು ಹಂಗೇರಿಯ ನೋಂದಣಿಯಲ್ಲಿದ್ದ 2,500ಕ್ಕೂ ಹೆಚ್ಚು ಗಾಯದ ಕಣ್ಣುಗಳನ್ನ ಪರಿಶೀಲಿಸಿ ಒಂದು ಅಂಕಪಟ್ಟಿ ಮಾಡಿತು, ಆಕ್ಯುಲರ್ ಟ್ರಾಮಾ ಸ್ಕೋರ್. ನೂರಕ್ಕೂ ಹೆಚ್ಚು ಅಂಶಗಳನ್ನ ಜರಡಿ ಹಿಡಿದು ಕೊನೆಗೆ ಆರೇ ಉಳಿಸಿಕೊಂಡರು. ನಮ್ಮ ಎಸ್ಸೆಸ್ಸೆಲ್ಸಿಗಿಂತ ಉದಾರ ಮೌಲ್ಯಮಾಪನ: ಬೆಳಕೂ ಕಾಣದ ಕಣ್ಣಿಗೂ 60 ಅಂಕ ಕೊಟ್ಟೇ ಶುರು. ಬೆಳಕು ಅಥವಾ ಕೈ ಆಡಿಸಿದ್ದು ಕಂಡ್ರೆ 70. ಮೇಲಕ್ಕೆ ಹೋಗ್ತಾ 6/12 ಅಥವಾ ಅದಕ್ಕಿಂತ ಚೆನ್ನಾಗಿ ಕಂಡ್ರೆ 100. ಆಮೇಲೆ ಕಳೀತಾರೆ. ರಪ್ಚರ್ ಆಗಿದ್ರೆ 23, ಒಳಗೆ ಕೀವಾಗಿದ್ರೆ 17, ಪರ್ಫೊರೇಟಿಂಗ್ ಆದ್ರೆ 14, ರೆಟಿನಾ ಕಿತ್ತುಬಂದಿದ್ರೆ 11, ಆರ್‌ಎಪಿಡಿ ಇದ್ರೆ 10.

ಲೆಕ್ಕ ಮಾಡೋಣ. ಹಸುವಿನ ಕೊಂಬು ಬಡಿದು ಕಣ್ಣು ಒಡೆದಿದೆ, ಬೆಳಕು ಮಾತ್ರ ಕಾಣುತ್ತೆ, ರೆಟಿನಾ ಕಿತ್ತಿದೆ, ಆರ್‌ಎಪಿಡಿಯೂ ಇದೆ. 70ರಲ್ಲಿ 23, 11, 10 ಕಳೆದ್ರೆ 26. ಇದು ಮೊದಲನೇ ದರ್ಜೆ, ಇಲ್ಲಿ ಮೊದಲನೇ ದರ್ಜೆ ಅಂದ್ರೆ ಎಲ್ಲಕ್ಕಿಂತ ಕೆಟ್ಟದ್ದು. ಆ ಗುಂಪಿನಲ್ಲಿ ನೂರರಲ್ಲಿ ಸುಮಾರು 73 ಕಣ್ಣುಗಳಿಗೆ ಕೊನೆಗೆ ಬೆಳಕೂ ಕಾಣಲಿಲ್ಲ. ಇನ್ನೊಬ್ಬರಿಗೆ ತಂತಿ ಚುಚ್ಚಿ ಕಾರ್ನಿಯಾ ತೂತಾಗಿದೆ, 6/18 ಕಾಣುತ್ತೆ, ಬೇರೆ ತೊಂದರೆ ಇಲ್ಲ. 90 ಅಂಕ, ನಾಲ್ಕನೇ ದರ್ಜೆ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ 6/12 ಅಥವಾ ಅದಕ್ಕಿಂತ ಒಳ್ಳೇ ದೃಷ್ಟಿ ಬಂತು. ಎರಡಕ್ಕೂ ನಾವು ಮನೆಯಲ್ಲಿ ಹೇಳೋ ಮಾತು ಒಂದೇ, "ಕಣ್ಣಿಗೆ ಏಟಾಗಿದೆ."

ಆದರೆ ಆ 73ರ ಪಕ್ಕದಲ್ಲಿ 27 ಇದೆ ಅನ್ನೋದನ್ನೂ ನೋಡಿ. ಅಂಕ ಕಮ್ಮಿ ಬಂತು ಅಂತ ಹೊಲಿಗೆ ಹಾಕದೇ ಕಣ್ಣು ತೆಗೆಯೋ ಕಾಲ ಈಗಿಲ್ಲ. ಸಾಧ್ಯ ಇದ್ರೆ ಮೊದಲು ಹೊಲೀತಾರೆ, ಆಮೇಲೆ ಯೋಚಿಸ್ತಾರೆ.

ಭಾಗ 8

ಇಷ್ಟು ಹೊಗಳಿದಮೇಲೆ ಇದರ ತೂತುಗಳನ್ನೂ ಹೇಳಬೇಕು.

ಬೆಟ್ ಕಣ್ಣುಗುಡ್ಡೆಯ ಬಗ್ಗೆ ಮಾತ್ರ ಮಾತಾಡುತ್ತೆ. ರೆಪ್ಪೆ ಹರಿದದ್ದು, ಕಣ್ಣೀರಿನ ನಾಳ ತುಂಡಾದದ್ದು, ಕಣ್ಣಿನ ಗೂಡಿನ ಮೂಳೆ ಮುರಿದದ್ದು ಅದರೊಳಗೆ ಬರೋಲ್ಲ. ಬೈಕಿಂದ ಬಿದ್ದವರಿಗೆ ಇವೆಲ್ಲ ಒಟ್ಟೊಟ್ಟಿಗೇ ಆಗಿರುತ್ತೆ. 2017ರಲ್ಲಿ ಇಂಡಿಯನ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಡಾ. ಬಿ. ಶುಕ್ಲಾ ಮತ್ತು ಸಹಲೇಖಕರು ಇದನ್ನೇ ಎತ್ತಿ, ಕಣ್ಣಿನ ಸುತ್ತಲಿನ ಭಾಗಗಳನ್ನೂ ಸೇರಿಸೋ ಹೊಸ ವಿಂಗಡಣೆ ಮುಂದಿಟ್ಟರು. 2022ರಲ್ಲಿ ಬೇರೆ ಬೇರೆ ದೇಶದ ತಜ್ಞರನ್ನ ಕೇಳಿ ಮಾಡಿದ ಸಮೀಕ್ಷೆಯಲ್ಲಿ ಕೆಲವು ಪದಗಳ ಬಗ್ಗೆ ಅವರಲ್ಲೇ ಒಮ್ಮತ ಕಾಣಲಿಲ್ಲ. ಇಪ್ಪತ್ತಾರು ವರ್ಷ ಆದಮೇಲೂ!

ಮಕ್ಕಳದ್ದು ಇನ್ನೊಂದು ಕಷ್ಟ. ಮೂರು ವರ್ಷದ, ಅಳ್ತಾ ಇರೋ ಮಗುವಿಗೆ ಎಷ್ಟು ಕಾಣುತ್ತೆ ಅಂತ ಅಳೆಯೋದು ಹೇಗೆ? ಮೊದಲ ಅಂಕವೇ ಸಿಗೋಲ್ಲ. ಅಂಕಪಟ್ಟಿಯ ಮೂಲ ಲೆಕ್ಕವೂ ಅಮೆರಿಕ, ಹಂಗೇರಿಯದ್ದು. ಅಲ್ಲಿ ಗಾಯದವರು ಬೇಗ ಆಸ್ಪತ್ರೆ ಸೇರ್ತಾರೆ. ಇಲ್ಲಿ ಭತ್ತದ ಗದ್ದೆಯ ಕಣ್ಣು ಎರಡು ದಿನ ಬಿಟ್ಟು, ಮೂರು ಥರದ ಮನೆಮದ್ದು ಬಿಟ್ಟುಕೊಂಡು ಬರಬಹುದು. ಹುಲ್ಲು, ಸೊಪ್ಪು ತಾಗಿದ ಗಾಯಕ್ಕೆ ಫಂಗಸ್ ಹತ್ತೋದು ನಮ್ಮಂಥ ಬೇಸಾಯದ ಊರಿನ ದೊಡ್ಡ ಸಮಸ್ಯೆ, ಅದಕ್ಕೆ ಆ ಪಟ್ಟಿಯಲ್ಲಿ ಖಾನೆಯೇ ಇಲ್ಲ.

ಇನ್ನು ಕಾನೂನು. ಎರಡನೇ ಭಾಗದ 40 ಮತ್ತು 30 ನೆನಪಿದೆಯಾ? ಕಾನೂನು ಕೇಳೋದು ಕೊನೆಗೆ ಏನಾಯ್ತು ಅಂತ. ಗುಡ್ಡೆ ಉಳೀತಾ, ದೃಷ್ಟಿ ಉಳೀತಾ. ಯಾರೋ ಹೊಡೆದು ಕಣ್ಣು ಹೋದ ಕೇಸಿನಲ್ಲೂ ಅಷ್ಟೇ: ಹಿಂದಿನ ಐಪಿಸಿ 320, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 116, ಎರಡೂ ಶಾಶ್ವತವಾಗಿ ಒಂದು ಕಣ್ಣಿನ ದೃಷ್ಟಿ ಹೋಗೋದನ್ನ ತೀವ್ರ ಗಾಯ ಅನ್ನುತ್ತವೆ. ಡಾಕ್ಟರುಗಳ ವಿಂಗಡಣೆ ನೋಡೋದು ಮೊದಲ ಗಂಟೆಯನ್ನ. ಮೊದಲ ಗಂಟೆಯಲ್ಲಿ ಬರೆದದ್ದು ಸರಿಯಾಗಿಲ್ಲದಿದ್ರೆ, ವರ್ಷ ಆದಮೇಲೆ ಪರಿಹಾರದ ಅಧಿಕಾರಿಯ ಮುಂದೆ ನಿಂತ ಕಾರ್ಮಿಕನ ಕೈಯಲ್ಲಿ "ಕಣ್ಣಿಗೆ ಗಾಯ" ಅನ್ನೋ ಎರಡು ಪದದ ಚೀಟಿ ಬಿಟ್ರೆ ಏನೂ ಇರೋಲ್ಲ. ಏಟಿಗೂ ಕುರುಡಿಗೂ ಸಂಬಂಧ ತೋರಿಸೋದು ಆಗ ಅವನ ತಲೆನೋವು.

ಭಾಗ 9

ಕೊನೇ ಭಾಗ. ಇದನ್ನ ಸ್ಕ್ರೀನ್‌ಶಾಟ್ ಮಾಡಿ ಮನೆ ಗ್ರೂಪಿಗೆ ಹಾಕಿ.

ಸುಣ್ಣ, ಆಸಿಡ್, ಔಷಧಿ ಹೊಡೆಯೋ ಪಂಪಿನ ದ್ರವ ಕಣ್ಣಿಗೆ ಬಿದ್ರೆ ಇದುವರೆಗೆ ಹೇಳಿದ ಪಟ್ಟಿ ಅನ್ವಯಿಸೋಲ್ಲ. ಅದು ರಾಸಾಯನಿಕ ಗಾಯ, ಅಲ್ಲಿ ಒಂದು ಕ್ಷಣವೂ ಕಾಯದೆ ಶುದ್ಧ ನೀರು ಹರಿಸಿ ಹರಿಸಿ ತೊಳೀಬೇಕು. ಚುಚ್ಚಿದ, ಸೀಳಿದ, ಒಡೆದ ಕಣ್ಣಿಗೆ ತದ್ವಿರುದ್ಧ: ತೊಳೆಯಬಾರದು, ಉಜ್ಜಬಾರದು, ಒತ್ತಬಾರದು, ಎದೆಹಾಲು, ಹರಳೆಣ್ಣೆ, ಡ್ರಾಪ್ಸ್ ಯಾವುದನ್ನೂ ಬಿಡಬಾರದು. ಏನಾದ್ರೂ ಚುಚ್ಚಿಕೊಂಡಿದ್ರೆ ಕೀಳಬಾರದು. ಕಣ್ಣಿಗೆ ತಾಗದ ಹಾಗೆ ಮೇಲೊಂದು ಕಾಗದದ ಕಪ್ ಬೋರಲು ಇಟ್ಟು ಹಣೆಗೂ ಕೆನ್ನೆಗೂ ಟೇಪ್ ಹಾಕಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಕಾಫಿ, ಬನ್ನು ಬೇಡ. ಸುತ್ತಿಗೆ, ಗ್ರೈಂಡರ್, ಕಳೆ ಮಷಿನ್ ಹತ್ತಿರ ಇದ್ದಾಗ ಚುರ್ ಅಂದಿದ್ರೆ, ಕಣ್ಣು ಚೆನ್ನಾಗೇ ಕಂಡ್ರೂ ಆ ಮಾತನ್ನ ಡಾಕ್ಟರಿಗೆ ಹೇಳಲೇಬೇಕು. ಎಕ್ಸ್-ರೇ ಅಥವಾ ಸಿ.ಟಿ. ತೆಗೆಸೋಕೆ ಅವರಿಗೆ ಆ ಒಂದು ವಾಕ್ಯ ಸಾಕು.

ಕುಂಸಿಯಿಂದ ಶಿವಮೊಗ್ಗ ಸುಮಾರು 25 ಕಿ.ಮೀ. ಅಲ್ಲಿ ಮೆಗ್ಗಾನ್ ಇದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆ ಇದೆ. ಹಳೇ ಕಾಲದಲ್ಲಿ ದೊಡ್ಡ ಕಣ್ಣಿನ ಆಸ್ಪತ್ರೆ ಅಂದ್ರೆ ಬೆಂಗಳೂರಿನ ಮಿಂಟೋವರೆಗೆ ಹೋಗಬೇಕಿತ್ತು. ಈಗ ದೂರ ಕಮ್ಮಿ. ಹರಿದ ಕಣ್ಣಿಗೆ ಒಂದು ದಿನದೊಳಗೆ ಹೊಲಿಗೆ ಬಿದ್ರೆ ಒಳಗೆ ಕೀವಾಗೋ ಅಪಾಯ ಕಮ್ಮಿ, ಹಾಗಾಗಿ ಆ 25 ಕಿ.ಮೀ.ಯಲ್ಲಿ ರೋಗಿಯ ಜೊತೆ ಹೋಗೋ ಚೀಟಿಯಲ್ಲಿ ಏನು ಬರೆದಿದೆ ಅನ್ನೋದು ಮುಖ್ಯ ಆಗುತ್ತೆ. ನಮ್ಮ ಕ್ಲಾಸಲ್ಲಿ ನರ್ಸಿಂಗಿಗೆ, ಮೆಡಿಕಲ್ಲಿಗೆ ಹೊರಟಿರೋರು ಇದ್ದೀರಲ್ಲ, ನಿಮಗಾಗಿ ಎರಡು ಚೀಟಿ ಕೊನೆಯ ಫೋಟೋದಲ್ಲಿ ಹಾಕಿದ್ದೀನಿ. ಎರಡೂ ನಾನೇ ಬರೆದ ಮಾದರಿ, ಯಾವ ರೋಗಿಯದ್ದೂ ಅಲ್ಲ.

ಒಂದರಲ್ಲಿ ಇಷ್ಟೇ: "ಬಲಗಣ್ಣಿಗೆ ಏಟು. ಮುಂದಿನ ಚಿಕಿತ್ಸೆಗೆ."

ಇನ್ನೊಂದರಲ್ಲಿ: "ಬಲಗಣ್ಣು, ಓಪನ್ ಗ್ಲೋಬ್. ಸುತ್ತಿಗೆ ಕೆಲಸದಲ್ಲಿ ಬೆಳಿಗ್ಗೆ 11ಕ್ಕೆ. ಒಳಗೆ ಕಬ್ಬಿಣದ ಚೂರಿನ ಅನುಮಾನ. ಕೈ ಆಡಿಸಿದ್ದು ಕಾಣುತ್ತೆ. ಆರ್‌ಎಪಿಡಿ ಇಲ್ಲ. ಜೋನ್ 1. ಟಿ.ಟಿ. ಕೊಟ್ಟಿದೆ. ಕೊನೆಯ ಊಟ 8ಕ್ಕೆ. ಎಡಗಣ್ಣು 6/6."

#ಕುಂಸಿ #ಭದ್ರಾವತಿ #ಶಿವಮೊಗ್ಗ #ಕಣ್ಣು #ಇತಿಹಾಸ